ವೀರಭದ್ರಪ್ಪ ಮಾಡಿದ ಹೊಗೆಪೈಪು

ತೆಲಂಗಾಣ ಬೇರೆ ರಾಜ್ಯವಾಗಿ ಕೆಲವು ವರ್ಷ ಕಳೆದಿದ್ದವು. ನಾನು ಆಗ ಹೈದರಾಬಾದಿನ ಒಂದು ಕೇಂದ್ರ ಸರ್ಕಾರಿ ಕಾರ್ಖಾನೆಯಲ್ಲಿ ವೆಂಟಿಲೇಶನ್ ವಿಭಾಗದ ಹಿರಿಯ ಇಂಜಿನಿಯರ್. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ವೆಂಟಿಲೇಶನ್ ಅಂದರೆ ದೊಡ್ಡ ವಿದ್ಯೆಯೇನಲ್ಲ. ಕೆಟ್ಟ ಗಾಳಿಯನ್ನು ಹೊರಗೆ ಕಳಿಸಬೇಕು, ಒಳ್ಳೆಯ ಗಾಳಿಯನ್ನು ಒಳಗೆ ತರಬೇಕು, ಅಷ್ಟೆ. ಲೋಹ ಎರಕ ಹೊಯ್ಯುವ ಫೌಂಡ್ರಿಯ ಹೊಗೆ, ಪೇಂಟ್ ಶಾಪಿನ ಆವಿ, ವೆಲ್ಡಿಂಗ್ ಶೆಡ್ಡಿನ ಧೂಳು ಎಲ್ಲವೂ ನನ್ನ ಪಾಲಿಗೆ ಬಂದಿದ್ದವು. ಕಾರ್ಖಾನೆಯವರು ನನಗೆ 'ಹವಾ ಮೇಡಂ' ಅಂತ ಹೆಸರಿಟ್ಟಿದ್ದರು. ಎದುರಿಗೆ ಹಾಗೆ ಕರೆಯುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ, ನನ್ನ ಬಾಯಿ ಅಂಥದು.

ನಮ್ಮ ಕೆಲಸಕ್ಕೆ ಒಂದೇ ಒಂದು ಮೂಲನಿಯಮ. ಒಂದು ಕೋಣೆಯಿಂದ ಎಷ್ಟು ಗಾಳಿ ಹೊರಗೆ ತಳ್ಳುತ್ತೀರೋ ಅಷ್ಟೇ ಗಾಳಿ ಎಲ್ಲಿಂದಾದರೂ ಒಳಗೆ ಬಂದೇ ಬರುತ್ತದೆ. ಹೀಗೆ ಬರುವ ಗಾಳಿಗೆ 'ಮೇಕಪ್ ಏರ್' ಅನ್ನುತ್ತಾರೆ. ಅದಕ್ಕೆ ನೀವು ದಾರಿ ಕೊಡದಿದ್ದರೆ ಅದು ತಾನೇ ದಾರಿ ಹುಡುಕಿಕೊಳ್ಳುತ್ತದೆ, ಆ ದಾರಿ ನಿಮಗೆ ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳುವುದಿಲ್ಲ. ಹೊಸದಾಗಿ ಸೇರಿದವರಿಗೆಲ್ಲ ನಾನು ಇದನ್ನು ಬೈದು ಬೈದು ಕಲಿಸಿದ್ದೇನೆ. ಆದರೆ ಆ ನಿಯಮದ ಪೂರ್ತಿ ಅರ್ಥ ನನಗೆ ತಿಳಿದದ್ದು ಫೌಂಡ್ರಿಯಲ್ಲಲ್ಲ, ತಾರ್ನಾಕದ ಒಂದು ಅಡುಗೆಮನೆಯಲ್ಲಿ.

ನನ್ನ ಊರು ರಾಯಚೂರು. ಮದುವೆ ಆಗಲಿಲ್ಲ, ಯಾಕೆ ಅಂತ ಕೇಳಿದವರಿಗೆ ನಿಮಗೇನು ಬಿತ್ತು ಅಂದದ್ದೇ ಉತ್ತರ. ತಾರ್ನಾಕದಲ್ಲಿ ಮೂರನೇ ಮಹಡಿಯ ಮನೆ. ಕಾರ್ಖಾನೆಯಲ್ಲಿ ಹಿಂದಿ, ಇಂಗ್ಲಿಷ್, ಬೀದಿಯಲ್ಲಿ ತೆಲುಗು, ಮನೆಗೆ ಬಂದರೆ ಮಾತೇ ಇಲ್ಲ. ಒಂಟಿತನ ರೂಢಿಯಾಗುತ್ತದೆ ಅನ್ನುತ್ತಾರೆ. ಸುಳ್ಳು. ರೂಢಿಯಾಗುವುದು ಟೀವಿಯ ಸದ್ದು. ಆ ಕಾಲಕ್ಕೆ ನನ್ನ ಬಾಯಿಂದ ಕನ್ನಡ ಬರುತ್ತಿದ್ದದ್ದು ಶನಿವಾರ ಮಧ್ಯಾಹ್ನ ಮಾತ್ರ, ಅದೇ ತಾರ್ನಾಕದ ಶರಣಮ್ಮನ ಮನೆಯಲ್ಲಿ.

ಶರಣಮ್ಮ ನಮ್ಮ ವಿಭಾಗದ ವೀರಭದ್ರಪ್ಪನ ಹೆಂಡತಿ. ಲಿಂಗಸುಗೂರು ಕಡೆಯವರು. ವೀರಭದ್ರಪ್ಪ ಡಕ್ಟ್ ಫಿಟ್ಟರ್. ಅಂದರೆ ಗಾಳಿ ಸಾಗಿಸುವ ತಗಡಿನ ದೊಡ್ಡ ಕೊಳವೆಗಳನ್ನು ಕತ್ತರಿಸಿ, ಬಾಗಿಸಿ, ಜೋಡಿಸುವವನು. ಅವನು ಜೋಡಿಸಿದ ಕೊಳವೆಯಲ್ಲಿ ಸೋರಿಕೆ ಹುಡುಕಲು ಹೋಗಿ ನಾನು ಎಷ್ಟೋ ಸಲ ಬರಿಗೈಲಿ ಬಂದಿದ್ದೇನೆ. ಮಾತು ಕಡಿಮೆ, ಕೆಲಸ ಗಟ್ಟಿ. ಮಕ್ಕಳಿರಲಿಲ್ಲ. ಶರಣಮ್ಮ ಮನೆಯಲ್ಲೇ ಸೌದೆ ಒಲೆಯ ಮೇಲೆ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ನಮ್ಮಂಥ ಕನ್ನಡದ ಮನೆಗಳು, ಅಮೀರ್‌ಪೇಟಿನ ಹಾಸ್ಟೆಲ್ಲುಗಳಲ್ಲಿದ್ದ ನಮ್ಮ ಕಡೆಯ ಹುಡುಗರು, ಎಲ್ಲರಿಗೂ ಅವಳ ಖಡಕ್ ರೊಟ್ಟಿಯೇ ಬೇಕು. ಮಹಡಿಯ ಮೇಲಿದ್ದ ತೆಲುಗು ಮಾಲೀಕರು ಅವಳನ್ನು 'ರೊಟ್ಟೆಲಮ್ಮ' ಅಂತಲೇ ಕರೆಯುತ್ತಿದ್ದರು. ಗ್ಯಾಸಿನ ಮೇಲೆ ರೊಟ್ಟಿ ಮಾಡು ಅಂದರೆ ಅವಳು ನಗುತ್ತಿದ್ದಳು. ಗ್ಯಾಸಿನ ಮೇಲೆ ಬೇಯಿಸಬಹುದು, ಖಡಕ್ ಮಾಡಲಾಗದು. ಅದಕ್ಕೆ ಕೆಂಡವೇ ಬೇಕು.

ಸೌದೆಯ ಹೊಗೆಗೆ ಓಣಿಯವರು ತಕರಾರು ತೆಗೆದಾಗ ವೀರಭದ್ರಪ್ಪ ಬೇಗಂ ಬಜಾರಿನಿಂದ ತಗಡು ತಂದು ತಾನೇ ಹೊಗೆಪೈಪು ಮಾಡಿ ಒಲೆಗೆ ಕೂಡಿಸಿದ್ದ. ಪೈಪು ಒಲೆಯ ಹಿಂದಿನಿಂದ ಎದ್ದು ಗೋಡೆ ದಾಟಿ ಮಾಳಿಗೆಯ ಮೇಲೆ ಹೋಗಿ ಟೊಪ್ಪಿಗೆ ಹಾಕಿಕೊಂಡು ನಿಂತಿತ್ತು. ನನ್ನನ್ನು ಕರೆದು ತೋರಿಸಿದ್ದ. ನಾನು ಯಾರನ್ನೂ ಸುಮ್ಮನೆ ಹೊಗಳುವವಳಲ್ಲ, ಅವತ್ತು ಹೊಗಳಿದೆ. ಅದಾದ ಮರುವರ್ಷ ವೀರಭದ್ರಪ್ಪ ಡ್ಯೂಟಿ ಮುಗಿಸಿ ಬಂದು ಚಹಾ ಕುಡಿಯುತ್ತ ಕುಳಿತವನು ಹಾಗೇ ಗೋಡೆಗೆ ಒರಗಿದ. ಹೃದಯಾಘಾತ. ಚಹಾ ಇನ್ನೂ ಬಿಸಿ ಇತ್ತಂತೆ.

ಶರಣಮ್ಮ ಊರಿಗೆ ಹೋಗಲಿಲ್ಲ. ಅವಳ ತಮ್ಮ ಅಮರೇಶ ಲಿಂಗಸುಗೂರಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ, ಅಕ್ಕನ ಮೇಲೆ ಜೀವ. ಬಾ ಅಂದ, ಬರೋದಿಲ್ಲ ಅಂದಳು. ಹಾಗಾದರೆ ಇಲ್ಲೇ ಸುಖವಾಗಿ ಇರಲಿ ಅಂತ ಅವನು ಅಡುಗೆಮನೆಗೆ ಒಂದಿಷ್ಟು ಖರ್ಚು ಮಾಡಿದ. ಗ್ಯಾಸ್ ಒಲೆಯ ಮೇಲೆ ಕರೆಂಟಿನ ಚಿಮಣಿ ಹಾಕಿಸಿದ. ರೊಟ್ಟಿಯ ಜೊತೆ ಕೊಡುವ ಅಗಸಿ ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ಮೆಣಸಿನಕಾಯಿ ಹುರಿಯುವಾಗ ಅಕ್ಕ ಕೆಮ್ಮಬಾರದು ಅಂತ, ಇದ್ದುದರಲ್ಲೇ ಜೋರಾಗಿ ಎಳೆಯುವಂಥದ್ದನ್ನೇ ಆರಿಸಿ ತಂದಿದ್ದ. ಗೋಡೆಯ ಮೇಲಿದ್ದ ಗವಾಕ್ಷಿಯಿಂದ ಸೊಳ್ಳೆ ಬರುತ್ತವೆ ಅಂತ ಅದಕ್ಕೆ ಗಾಜು ಕೂಡಿಸಿದ. ಬಾಗಿಲ ಕೆಳಗಿನ ಸಂದಿಗೆ ಹಲ್ಲಿ, ಜಿರಲೆ ಬಾರದಂತೆ ರಬ್ಬರ್ ಪಟ್ಟಿ ಬಡಿಸಿದ. ಮಾಡಿದ್ದೆಲ್ಲ ಪ್ರೀತಿಯಿಂದಲೇ.

ಕೆಲವು ತಿಂಗಳಿಗೆ ಶರಣಮ್ಮನಿಗೆ ಏನೋ ಶುರುವಾಯಿತು. ಸಂಜೆಯಾದರೆ ತಲೆ ಸಿಡಿಯುವುದು, ಹೊಟ್ಟೆ ತೊಳಸುವುದು, ಕಾಲು ಸೋತಂತಾಗಿ ಕುಳಿತಲ್ಲೇ ಮಂಪರು. ಬೆಳಿಗ್ಗೆ ಎದ್ದರೆ ಸರಿಯಾಗಿರುತ್ತಿದ್ದಳು. ರೊಟ್ಟಿಗೆ ರಜೆ ಇರುವ ಭಾನುವಾರ ಏನೂ ಇಲ್ಲ. ಡಾಕ್ಟರು ರಕ್ತ ನೋಡಿದರು, ಬಿಪಿ ನೋಡಿದರು, ಎಲ್ಲ ಸರಿ. ಗಂಡ ಹೋದ ಮೇಲೆ ಮನಸ್ಸಿಗೆ ಹಚ್ಚಿಕೊಂಡಿದ್ದಾರೆ, ಒಬ್ಬರನ್ನೇ ಬಿಡಬೇಡಿ ಅಂದರು. ಒಂದು ಸಂಜೆ ಅವಳು ಅಡುಗೆಮನೆಯ ಬಾಗಿಲಲ್ಲೇ ಬಿದ್ದಿದ್ದನ್ನು ಮಾಲೀಕರ ಹೆಂಡತಿ ನೋಡಿ ಅಮರೇಶನಿಗೆ ಫೋನ್ ಮಾಡಿದರು.

ಶುಕ್ರವಾರ ಅಮರೇಶ ಬಂದಿಳಿದ. ಸೋಮವಾರ ಅಕ್ಕನನ್ನು ಕರೆದುಕೊಂಡು ಹೋಗುವುದು, ಮನೆ ಖಾಲಿ ಮಾಡುವುದು ಅಂತ ತೀರ್ಮಾನವಾಗಿಬಿಟ್ಟಿತ್ತು. ಶನಿವಾರ ನಾನು ಹೋದಾಗ ಅವನು ಬಸ್ಸಿನ ಟಿಕೆಟ್ ತರಲು ಹೋಗಿದ್ದ. ಶರಣಮ್ಮ ರೊಟ್ಟಿ ಬಡಿಯುತ್ತಿದ್ದಳು, ಮುಖ ಸಣ್ಣದಾಗಿತ್ತು. ತಮ್ಮನ ಹೆಂಡತಿ ಕೆಟ್ಟವಳೇನಲ್ಲ, ಆದರೆ ಅವಳ ಅಡುಗೆಮನೆಯಲ್ಲಿ ನಾನು ಯಾವ ಮೂಲೆಯಲ್ಲಿ ನಿಲ್ಲಲಿ ಅಂತ ನನ್ನನ್ನೇ ಕೇಳಿದಳು. ಅವಳು ಹೋದರೆ ನನ್ನ ಶನಿವಾರವೂ ಹೋಗುತ್ತದೆ ಅನ್ನುವುದು ಎದೆಯಲ್ಲಿ ಚುಚ್ಚುತ್ತಿತ್ತು.

ಸಾಮಾನ್ಯವಾಗಿ ನಾನು ದೀಪ ಹಚ್ಚುವ ಹೊತ್ತಿಗಿಂತ ಮುಂಚೆಯೇ ಎದ್ದು ಹೊರಟುಬಿಡುತ್ತಿದ್ದೆ. ಅವತ್ತು ಅವಳು ಕೈ ಹಿಡಿದು ಕೂಡಿಸಿದಳು. ಹೊರಗಿನವರು ಯಾರೂ ಇಲ್ಲದಿದ್ದರೂ ದನಿ ತಗ್ಗಿಸಿ ಹೇಳಿದಳು:

"ಅಕ್ಕಾರ, ಯಾರಿಗೂ ಹೇಳಬ್ಯಾಡ್ರಿ. ಸಂಜಿಮುಂದ ಅವರು ಬರ್ತಾರ್ರಿ."

"ಯಾರು?"

"ನಮ್ಮ ಮನಿಯವರು. ಆ ಪೈಪಿನ್ಯಾಗಿಂದ ತಣ್ಣಗ ಇಳದು ಬರ್ತಾರ. ಊದಿನಕಡ್ಡಿ ಹೊಗಿ ನನ್ನ ಕಡೆ ಹೊಳ್ಳತೈತಿ. ಕುಂತು ನೋಡ್ರಿ ಬೇಕಾದ್ರ."

ನಾನು ದೆವ್ವ ಭೂತ ನಂಬುವವಳಲ್ಲ. ಆದರೆ ನಗು ಬರಲಿಲ್ಲ. ಅವಳ ಮುಖದಲ್ಲಿ ಅಷ್ಟು ಹೊತ್ತಿನಲ್ಲಿ ಮೊದಲ ಸಲ ಒಂದು ಕಳೆ ಬಂದಿತ್ತು. ಕುಳಿತೆ.

ಉರಿ ತಗ್ಗಿ ಒಲೆಯಲ್ಲಿ ಕೆಂಡ ಉಳಿದಿತ್ತು. ಅವಳು ರೊಟ್ಟಿಗಳನ್ನು ಕೆಂಡದ ಎದುರಿಗೆ ಒಂದಕ್ಕೊಂದು ಒರಗಿಸಿ ನಿಲ್ಲಿಸಿದಳು. ಖಡಕ್ ಆಗುವುದು ಹೀಗೆಯೇ. ಗಾಳಿ ತಾಗಿದರೆ ಹಸಿ ಹಿಟ್ಟು ಒಣಗಿ ರೊಟ್ಟಿಯ ಅಂಚು ಬಿರಿಯುತ್ತದೆ ಅಂತ ಕಿಟಕಿ, ಬಾಗಿಲು ಎರಡನ್ನೂ ಮಧ್ಯಾಹ್ನವೇ ಮುಚ್ಚಿದ್ದಳು. ನಮ್ಮ ಕಡೆ ರೊಟ್ಟಿ ಮಾಡುವ ಹೆಂಗಸರೆಲ್ಲ ಹಾಗೇ ಮಾಡುವುದು, ನನ್ನ ಅವ್ವನೂ ಹಾಗೇ ಮಾಡುತ್ತಿದ್ದಳು. ಆದರೆ ಅವ್ವನ ಅಡುಗೆಮನೆಗೆ ಹಂಚಿನ ಮಾಡು ಇತ್ತು, ಸಾವಿರ ಸಂದಿ ಇದ್ದವು. ಆಮೇಲೆ ಶರಣಮ್ಮ ವೀರಭದ್ರಪ್ಪನ ಫೋಟೋ ಮುಂದೆ ಊದಿನಕಡ್ಡಿ ಹಚ್ಚಿದಳು. ಫೋಟೋ ಇದ್ದದ್ದು ಸೌದೆ ಒಲೆಯ ಪಕ್ಕದ ಗೂಡಿನಲ್ಲಿ. ಹೊಗೆ ನೆಟ್ಟಗೆ ಮೇಲೇರಿತು. ಎದುರು ಗೋಡೆಯ ಗ್ಯಾಸಿನ ಮೇಲೆ ಬಾಣಲೆ ಇಟ್ಟು, ಮೆಣಸಿನಕಾಯಿ ಹಾಕಿ, ಕರೆಂಟಿನ ಚಿಮಣಿಯ ಗುಂಡಿ ಒತ್ತಿ, ನಡುವೆ ಇದ್ದ ಮಣೆಯ ಮೇಲೆ ಬಂದು ಕುಳಿತಳು.

ಊದಿನಕಡ್ಡಿಯ ಹೊಗೆ ಬಾಗಿತು. ಯಾರೋ ಬೆರಳಿನಿಂದ ತಿರುಗಿಸಿದ ಹಾಗೆ ಅವಳ ಕಡೆಗೆ ಹೊರಳಿ, ಅವಳ ಹೆಗಲ ಮೇಲೆ ಹಾದು ಹೋಯಿತು. ಅವಳು ಕಣ್ಣು ಮುಚ್ಚಿದಳು.

ನಾನು ನೋಡಿದ್ದು ಹೊಗೆಯನ್ನಲ್ಲ, ಒಲೆಯ ಬಾಯನ್ನು. ಅಲ್ಲಿ ಬೂದಿ ಸಣ್ಣಗೆ ಹೊರಗೆ ಹಾರುತ್ತಿತ್ತು. ಉರಿಯುವ ಒಲೆ ಗಾಳಿಯನ್ನು ಒಳಗೆ ಎಳೆದುಕೊಳ್ಳಬೇಕು. ಇದು ಹೊರಗೆ ಊದುತ್ತಿತ್ತು. ಕೈ ಚಾಚಿದೆ, ತಣ್ಣನೆಯ ಗಾಳಿ ತಾಗಿತು. ಎದ್ದವಳೇ ಚಿಮಣಿ ಆರಿಸಿ, ಗ್ಯಾಸ್ ಬಂದ್ ಮಾಡಿ, ಕಿಟಕಿ ತೆರೆದು, ಅವಳ ರಟ್ಟೆ ಹಿಡಿದು ಅಂಗಳಕ್ಕೆ ಎಳೆದುಕೊಂಡು ಬಂದೆ. ರೊಟ್ಟಿ ಸೀದು ಹೋಗ್ತಾವು ಅಂತ ಅವಳು ಒದ್ದಾಡಿದಳು. ಹಾಳಾಗಿ ಹೋಗಲಿ ಅಂದೆ.

ನಡೆದದ್ದು ಇಷ್ಟು. ಕರೆಂಟಿನ ಚಿಮಣಿ ಕೋಣೆಯ ಗಾಳಿಯನ್ನು ಜೋರಾಗಿ ಹೊರಗೆ ಎಳೆಯುತ್ತದೆ. ಅಷ್ಟೇ ಗಾಳಿ ಒಳಗೆ ಬರಬೇಕು. ಕಿಟಕಿ ಮುಚ್ಚಿದೆ, ಗವಾಕ್ಷಿಗೆ ಗಾಜು, ಬಾಗಿಲಿಗೆ ರಬ್ಬರು. ತೆರೆದಿರುವ ದಾರಿ ಒಂದೇ, ವೀರಭದ್ರಪ್ಪನ ಪೈಪು. ಒಲೆ ಧಗಧಗ ಉರಿಯುವಾಗ ಬಿಸಿಗಾಳಿಗೆ ಮೇಲೇರುವ ಬಲ ಇರುತ್ತದೆ. ಕೆಂಡವಾದ ಮೇಲೆ ಆ ಬಲ ಕುಂದುತ್ತದೆ, ಚಿಮಣಿ ಗೆಲ್ಲುತ್ತದೆ. ಆಗ ಹೊರಗಿನ ಗಾಳಿ ಪೈಪಿನಲ್ಲಿ ಕೆಳಗಿಳಿದು, ಕೆಂಡದ ಮೇಲೆ ಹಾದು, ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲವನ್ನು ಹೊತ್ತುಕೊಂಡು ಕೋಣೆಗೆ ಬರುತ್ತದೆ. ಇದಕ್ಕೆ ಬ್ಯಾಕ್‌ಡ್ರಾಫ್ಟ್ ಅನ್ನುತ್ತೇವೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಂಕಿ ಇಲ್ಲದೆ ಹೊಗೆಯಾಡುವುದಿಲ್ಲ ಅಂತ ಗಾದೆ ಮಾಡಿಟ್ಟವರು, ಹೊಗೆ ಇಲ್ಲದೆಯೂ ಬೆಂಕಿ ಕೊಲ್ಲುತ್ತದೆ ಅಂತ ಒಂದು ಮಾತು ಸೇರಿಸಬೇಕಿತ್ತು. ಹೊಗೆ ಕಾಣದಿದ್ದರೆ ಭಯವಿಲ್ಲ ಅಂತ ನಮ್ಮ ಜನ ಕೆಂಡವನ್ನು ನಂಬುತ್ತಾರೆ.

ಅಮರೇಶ ಟಿಕೆಟ್ ಹಿಡಿದು ಬಂದ. ಹೇಳಿದರೆ ನಂಬಲಿಲ್ಲ. ಡಾಕ್ಟರಿಗಿಂತ ನಿಮಗೆ ಹೆಚ್ಚು ಗೊತ್ತೇನ್ರಿ ಅಂದ. ಗಾಳಿಯ ವಿಷಯದಲ್ಲಿ ಹೌದು ಅಂದೆ. ಮೊದಲು ಶರಣಮ್ಮನನ್ನು ಆಸ್ಪತ್ರೆಗೆ ಕರೆದೊಯ್ದು, ರಕ್ತದಲ್ಲಿ ಈ ಅನಿಲ ಎಷ್ಟಿದೆ ನೋಡಿ ಅಂತ ನಾನೇ ನಿಂತು ಬರೆಸಿದೆ. ಹೆಚ್ಚೇ ಇದೆ ಅಂತ ಆಕ್ಸಿಜನ್ ಕೊಟ್ಟು ಕಳಿಸಿದರು; ಅದು ಚಿಮಣಿಯಿಂದ ಅಂತ ಅಮರೇಶ ಆಗಲೂ ಒಪ್ಪಲಿಲ್ಲ. ಆ ರಾತ್ರಿ ಅಕ್ಕ ತಮ್ಮ ಇಬ್ಬರೂ ನನ್ನ ಮನೆಯಲ್ಲೇ ಉಳಿದರು.

ಭಾನುವಾರವೂ ನಮ್ಮ ಫೌಂಡ್ರಿ ನಡೆಯುತ್ತಿತ್ತು. ಸೇಫ್ಟಿ ವಿಭಾಗದವರಿಗೆ ಹೇಳಿ ಅನಿಲ ಅಳೆಯುವ ಮೀಟರ್ ತಂದೆ. ಫೌಂಡ್ರಿಯಲ್ಲಿ ಅದು ಮೂವತ್ತೈದು ತೋರಿಸಿದರೆ ಕೂಗುತ್ತದೆ, ಇನ್ನೂರಕ್ಕೆ ಎಲ್ಲರನ್ನೂ ಹೊರಗೆ ಕಳಿಸುತ್ತೇವೆ. ಒಲೆ ಹಚ್ಚಿ, ಕೆಂಡ ಮಾಡಿ, ಕಿಟಕಿ ಮುಚ್ಚಿ, ಮೀಟರನ್ನು ಶರಣಮ್ಮನ ಮಣೆಯ ಮೇಲಿಟ್ಟು, ಚಿಮಣಿ ಹಾಕಿ, ಬಾಗಿಲೆಳೆದು ಎಲ್ಲರೂ ಅಂಗಳದಲ್ಲಿ ನಿಂತೆವು. ಸ್ವಲ್ಪ ಹೊತ್ತು ಏನೂ ಇಲ್ಲ. ಅಮರೇಶ ನನ್ನ ಮುಖ ನೋಡಿದ. ಆಮೇಲೆ ಒಳಗೆ ಮೀಟರ್ ಕೂಗತೊಡಗಿತು. ಕಿಟಕಿಯ ಗಾಜಿನಿಂದ ಬಗ್ಗಿ ನೋಡಿದೆವು. ಅಂಕಿ ಏರುತ್ತಲೇ ಇತ್ತು, ಇನ್ನೂರು ದಾಟಿತು, ಮುನ್ನೂರರ ಹತ್ತಿರ ಹೋಯಿತು. ಹೊರಗಿನ ಮೇನ್ ಸ್ವಿಚ್ಚಿನಿಂದ ಚಿಮಣಿ ಆರಿಸಿ ಬಾಗಿಲು ತೆರೆದಿಟ್ಟೆ. ಮೂಗು ಮುಚ್ಚಿಕೊಂಡು ಕಿಟಕಿ ತೆಗೆಯಲು ಓಡಿದ ಅಮರೇಶನನ್ನು, ಮೊದಲು ಗಾಳಿಯಾಡಲಿ ಅಂತ ಹಿಡಿದು ನಿಲ್ಲಿಸಬೇಕಾಯಿತು. ಅವನು ಮೆಟ್ಟಿಲ ಮೇಲೆ ಕುಸಿದು ಕುಳಿತ.

"ನಾನs ತಂದು ಹಾಕಿಸಿದ್ದು," ಅಂದ.

ಚಿಮಣಿ ತಪ್ಪಲ್ಲ, ಒಲೆ ತಪ್ಪಲ್ಲ, ಪೈಪಂತೂ ಮೊದಲೇ ತಪ್ಪಲ್ಲ, ಮೂರೂ ಒಂದೇ ಮುಚ್ಚಿದ ಕೋಣೆಯಲ್ಲಿ ಸೇರಬಾರದಿತ್ತು ಅಂತ ಅವನಿಗೆ ತಿಳಿಸಿ ಹೇಳಿದೆ. ಹಾಗಾದರೆ ಒಲೆ ಕಿತ್ತು ಹಾಕಿಸ್ರಿ ಅಂದ. ಒಲೆ ಕಿತ್ತರೆ ಶರಣಮ್ಮನ ಅನ್ನ ಹೋಗುತ್ತದೆ. ಅದರ ಬದಲು ಸರಿಪಡಿಸುವ ದಾರಿ ವಿವರಿಸಿದೆ. ಗವಾಕ್ಷಿಯ ಗಾಜು ತೆಗೆದು ಸೊಳ್ಳೆಪರದೆಯ ಜಾಲರಿ ಹಾಕುವುದು. ಒಲೆಯ ಬುಡಕ್ಕೇ ಹೊರಗಿನ ಗಾಳಿ ತರುವ ಒಂದು ಕೊಳವೆ. ಕಿಟಕಿಗೆ ಒಂದು ಸ್ವಿಚ್ಚು. ಕಿಟಕಿ ತೆರೆದಿದ್ದರೆ ಮಾತ್ರ ಚಿಮಣಿಗೆ ಕರೆಂಟು ಹೋಗಬೇಕು, ಮುಚ್ಚಿದರೆ ಅದು ತಾನೇ ನಿಲ್ಲಬೇಕು. ಗೋಡೆಗೆ ವಿಷಾನಿಲದ ಅಲಾರಂ. ಇಷ್ಟಾದ ಮೇಲೂ ಒಲೆಯಲ್ಲಿ ಉರಿ ಅಥವಾ ಕೆಂಡ ಇರುವಾಗ ಚಿಮಣಿ ಹಾಕಬಾರದು, ಮೆಣಸಿನಕಾಯಿ ಬೆಳಿಗ್ಗೆ ಹುರಿದುಕೊಳ್ಳಬೇಕು.

ಅಮರೇಶ ತಲೆಯಾಡಿಸಿದ. ಶರಣಮ್ಮ ಬೇಡ ಅಂದಳು.

ಹಟದ ಬೇಡ ಅಲ್ಲ ಅದು. ತಮ್ಮನನ್ನು ಚಹಾ ತರಲು ಕಳಿಸಿ, ಅಂಗಳದ ಕಟ್ಟೆಯ ಮೇಲೆ ನನ್ನ ಪಕ್ಕ ಕುಳಿತಳು.

"ನೀವು ರಿಪೇರಿ ಮಾಡಿದ್ರ ಅವರು ಬರಂಗಿಲ್ಲಲ್ರಿ."

"ಶರಣಮ್ಮಾ, ಬಂದದ್ದು ಅವನಲ್ಲ."

"ಗೊತ್ತಾತ್ರಿ. ಮಿಷನ್ ಕೂಗಿದ್ದು ನಾನೂ ಕೇಳೀನಿ. ಆದ್ರೂ ಇಡೀ ದಿನಾ ನಾ ಕಾಯೋದು ಅದೊಂದು ತಾಸಿಗ್ರಿ. ಅದೂ ಇಲ್ಲಂದ್ರ ಯಾಕ ಬದುಕಬೇಕು, ಹೇಳ್ರಿ ನೀವs."

ನನಗೆ ಸಿಟ್ಟು ಬಂತು. ಅವಳ ಮೇಲೋ, ಸತ್ತವನ ಮೇಲೋ, ನಾನೂ ಒಂದು ಶನಿವಾರಕ್ಕೇ ಕಾಯುವವಳು ಅನ್ನುವುದಕ್ಕೋ ಗೊತ್ತಿಲ್ಲ. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

"ನಿನ್ನ ಗಂಡ ನನ್ನ ಕೈಕೆಳಗ ದುಡದಾನ. ಕೆಟ್ಟ ಗಾಳಿ ಒಬ್ಬ ಮನಷ್ಯಾನ ಮೂಗಿಗೂ ಹೋಗಬಾರದು ಅಂತ ಬದುಕೆಲ್ಲಾ ತಗಡು ಬಡದಾನ. ಆ ವಿಷಕ್ಕ ಅವನ ಹೆಸರು ಇಡಬ್ಯಾಡ. ಅವನಿಗೆ ಅಷ್ಟು ಅವಮಾನ ಮಾಡಬ್ಯಾಡ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಗಂಡ ಸತ್ತಾಗಲೂ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ನಾನು ಸಮಾಧಾನ ಮಾಡಲಿಲ್ಲ, ನನಗೆ ಅದು ಬರುವುದಿಲ್ಲ. ಪಕ್ಕದಲ್ಲಿ ಕುಳಿತಿದ್ದೆ. ಅಮರೇಶ ತಂದ ಚಹಾ ಆರಿಹೋಯಿತು. ಕೊನೆಗೆ ಅವಳು ಮೂಗು ಒರೆಸಿಕೊಂಡು, ಪೈಪು ಮಾತ್ರ ಮುಟ್ಟಬ್ಯಾಡ್ರಿ ಅಂದಳು. ಮುಟ್ಟುವ ಅವಶ್ಯಕತೆಯೇ ಇರಲಿಲ್ಲ. ಅದರಲ್ಲಿ ಒಂದು ಕೂದಲಿನಷ್ಟೂ ಸೋರಿಕೆ ಇರಲಿಲ್ಲ.

ಸೋಮವಾರದ ಟಿಕೆಟ್ಟನ್ನು ಅಮರೇಶ ರದ್ದು ಮಾಡಿಸಿದ. ನಮ್ಮ ವಿಭಾಗದ ಎಲೆಕ್ಟ್ರಿಷಿಯನ್ ಬಂದು ಕಿಟಕಿಗೆ ಸ್ವಿಚ್ಚು ಕೂಡಿಸಿದ, ವೀರಭದ್ರಪ್ಪನ ಜೊತೆ ದುಡಿದ ಫಿಟ್ಟರುಗಳು ಒಲೆಯ ಬುಡಕ್ಕೆ ಗಾಳಿಕೊಳವೆ ತಂದರು. ಅದೇ ಸೋಮವಾರ ಸಂಜೆ, ಕೆಲಸ ಮುಗಿದ ಮೇಲೆ, ಪರೀಕ್ಷೆ ಮಾಡಿದೆವು. ಕಿಟಕಿ ತೆರೆದಿತ್ತು, ಒಲೆಯಲ್ಲಿ ಕೆಂಡ, ಮೀಟರ್ ಸುಮ್ಮನಿತ್ತು. ಓಣಿಯ ಸದ್ದೆಲ್ಲ ಒಳಗೆ ಬರುತ್ತಿತ್ತು, ಯಾರೋ ತೆಲುಗಿನಲ್ಲಿ ತರಕಾರಿ ಚೌಕಾಸಿ ಮಾಡುತ್ತಿದ್ದರು. ಶರಣಮ್ಮ ಊದಿನಕಡ್ಡಿ ಹಚ್ಚಿ ಮಣೆಯ ಮೇಲೆ ಕುಳಿತಳು.

ಹೊಗೆ ಮೇಲೆದ್ದಿತು. ಒಂದು ಕ್ಷಣ ನಿಂತಂತೆ ಮಾಡಿ ಒಲೆಯ ಕಡೆಗೆ, ಅವಳಿಂದ ದೂರ ಬಾಗಿತು. ಒಲೆಯ ಬಾಯಿಗೆ ಇಳಿದು, ಕೆಂಡದ ಮೇಲೆ ಹಾದು, ವೀರಭದ್ರಪ್ಪ ಮಾಡಿದ ಪೈಪಿನೊಳಗೆ ಹೋಯಿತು. ನನ್ನ ಕೆಲಸದ ಲೆಕ್ಕದಲ್ಲಿ ಅದಕ್ಕಿಂತ ಒಳ್ಳೆಯ ಫಲಿತಾಂಶ ಇಲ್ಲ.

"ಹೋದ್ರು," ಅಂದಳು ಶರಣಮ್ಮ.

ನಾನು ಮೀಟರನ್ನು ಚೀಲಕ್ಕೆ ಹಾಕಿಕೊಂಡೆ.

ಮೂವತ್ತು ವರ್ಷಕ್ಕೂ ಹೆಚ್ಚು ಗಾಳಿಯ ಕೆಲಸ ಮಾಡಿದ್ದೇನೆ. ಹೊರಗೆ ಹೋದದ್ದರ ಜಾಗವನ್ನು ಏನಾದರೊಂದು ಬಂದು ತುಂಬಿಯೇ ತುಂಬುತ್ತದೆ, ಅದನ್ನು ತಡೆಯಲು ಯಾವ ಇಂಜಿನಿಯರಿಗೂ ಆಗದು. ಒಳ್ಳೆಯದು ಬರಲಿ ಅಂತ ಒಂದು ಕಿಟಕಿ ತೆರೆದಿಡುವುದಷ್ಟೇ ನಮ್ಮ ಕೈಯಲ್ಲಿರುವುದು. ಮುಚ್ಚಿದ ಮನೆಯಲ್ಲಿ ಒಲೆ, ಚಿಮಣಿ ಎರಡನ್ನೂ ಇಟ್ಟುಕೊಂಡವರಿಗೆ ನಾನು ಇವತ್ತಿಗೂ ಇದನ್ನೇ ಹೇಳುವುದು, ಬೈದೇ ಹೇಳುವುದು.

ಅವತ್ತು ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟಾಗ ಶರಣಮ್ಮ ರೊಟ್ಟಿಯ ಕಟ್ಟು ಹಿಡಿದು ಬಾಗಿಲಿಗೆ ಬಂದಳು. ಕೊಟ್ಟ ಮೇಲೂ ಕೈ ಬಿಡಲಿಲ್ಲ.

"ಕಿಟಕಿ ದಿನಾ ತಗದs ಇಡ್ತೀನ್ರಿ, ಅಕ್ಕಾರ. ಅವರಂತೂ ಇನ್ನ ಬರಂಗಿಲ್ಲ. ಸಂಜಿಮುಂದ ನೀವರೆ ಬರ್ರಿ. ಬರೇ ಶನಿವಾರ ಅಲ್ಲ."

ಮರುದಿನ ಮಂಗಳವಾರ. ಕಾರ್ಖಾನೆಯ ಬಸ್ಸಿಳಿದು ನಾನು ನನ್ನ ಮನೆಯ ಕಡೆ ಹೋಗಲಿಲ್ಲ.